ನತಾಲಿನಾ ಸಿದ್ದಿಯ ಮೀನಖಂಡ

ನತಾಲಿನಾ ಸಿದ್ದಿ ಸೊಕ್ಕಿನ ಹೆಣ್ಣು. ಡಾ. ಸೀತಾಲಕ್ಷ್ಮಿ ಹೀಗೆಂದು ತೀರ್ಮಾನಿಸಿ ಆರು ತಿಂಗಳಾಗಿತ್ತು. ತೀರ್ಮಾನಗಳನ್ನು ಸೀರೆಯಂತೆ ದಿನಕ್ಕೊಂದು ಬದಲಿಸುವ ಅಭ್ಯಾಸ ಅವರಿಗಿರಲಿಲ್ಲ. ಮೂವತ್ತೈದು ವರ್ಷ ಅಂಗರಚನಾಶಾಸ್ತ್ರ ಕಲಿಸಿದವರು ಅವರು. ಒಳಗೆ ಏನಿದೆ ಎಂದು ಕೊಯ್ದು ನೋಡಿ ಹೇಳುವುದು ಅವರ ವೃತ್ತಿ. ಜೀವಂತ ಮನುಷ್ಯರನ್ನು ಕೊಯ್ಯದೆಯೇ ಹೇಳಬಲ್ಲೆ ಎಂಬ ಧೈರ್ಯವೂ ಆ ವೃತ್ತಿಯಿಂದಲೇ ಬಂದಿತ್ತು.

ಕಾರಣ ಒಂದು ಕಾಲು.

ಮಲಯರ ನಾಡಿನ ಮೆಲಾಕಾದಲ್ಲಿ ಹೊಸದಾಗಿ ಶುರುವಾದ, ಕರ್ನಾಟಕದ ಮಕ್ಕಳೇ ಹೆಚ್ಚಾಗಿ ಓದುವ ವೈದ್ಯಕೀಯ ಕಾಲೇಜಿಗೆ ಉಡುಪಿಯಿಂದ ಪ್ರಾಧ್ಯಾಪಕಿಯಾಗಿ ಬಂದ ಸೀತಾಲಕ್ಷ್ಮಿಯವರ ತಲೆಗೆ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಕೆಲಸವನ್ನೂ ಕಟ್ಟಲಾಗಿತ್ತು. ಸಹಾಯಕ ವಾರ್ಡನ್ ಮತ್ತು ಆಟೋಟದ ಶಿಕ್ಷಕಿ ಎಂದು ಕರ್ನಾಟಕದಿಂದ ಕರೆಸಿಕೊಂಡವಳು ನತಾಲಿನಾ. ಹಳಿಯಾಳದ ಆಚೆಯ ಹಳ್ಳಿಯವಳು, ವಯಸ್ಸು ಇಪ್ಪತ್ತೈದು. ನೂರಾರು ವರ್ಷಗಳ ಹಿಂದೆ ಆಫ್ರಿಕದಿಂದ ಹಡಗಿನಲ್ಲಿ ಗೋವಾಕ್ಕೆ ಬಂದಿಳಿದ ಜನ, ಘಟ್ಟ ಹತ್ತಿ ಕಾಡು ಸೇರಿ ಸಿದ್ದಿಗಳಾಗಿ ಉಳಿದರಷ್ಟೆ, ಅವರ ಪೈಕಿ. ಕಪ್ಪು ಮೈ, ಗುಂಗುರು ಕೂದಲು, ಎಳೆದು ಕಟ್ಟಿದ ಬಿಲ್ಲಿನಂಥ ಬೆನ್ನು.

ಅವಳು ಬಂದಿಳಿದದ್ದು ತೊಂಬತ್ತೇಳರ ಸೆಪ್ಟೆಂಬರಿನಲ್ಲಿ. ಸಮುದ್ರದಾಚೆ ಇಂಡೋನೇಷ್ಯಾದ ಕಾಡು ಹೊತ್ತಿ ಉರಿದು ಊರೆಲ್ಲ ಹೊಗೆ ಕವಿದಿತ್ತು. ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು ತಿರುಗುತ್ತಿದ್ದರು. ಹಾಸ್ಟೆಲಿನ ಮೆಟ್ಟಿಲ ಮೇಲೆ ಪೆಟ್ಟಿಗೆ ಇಳಿಸಿ ಅವಳು ಗಾಳಿಯನ್ನು ಒಮ್ಮೆ ಮೂಸಿ, “ಕುಮರಿ ಸುಟ್ಟ ವಾಸನಿ” ಎಂದಳಂತೆ. ಕಾಡು ಕಡಿದು ಸುಟ್ಟು ಬಿತ್ತುವ ಬೇಸಾಯ ಕಂಡ ಅಜ್ಜಿಯ ಮೊಮ್ಮಗಳಿಗೆ ಅದೇನೂ ಹೊಸದಲ್ಲ. ಮರುದಿನ ಬೆಳಗಿನಿಂದಲೇ ಕೆಲಸಕ್ಕೆ ಹತ್ತಿದಳು. ಹೊಗೆ ಕರಗಿದ ದಿನ ಹುಡುಗಿಯರನ್ನೆಲ್ಲ ಆರು ಗಂಟೆಗೆ ಎಬ್ಬಿಸಿ ಮೈದಾನಕ್ಕೆ ಅಟ್ಟಿದಳು.

ಆಗಲೇ ಸೀತಾಲಕ್ಷ್ಮಿ ಆ ಕಾಲನ್ನು ಕಂಡದ್ದು. ಅವಳು ಓಡುತ್ತಿದ್ದಳು. ಇವರು ಜಗಲಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದರು. ಕಾಫಿ ಆರಿತು.

ಅವಳನ್ನು ಕೋಣೆಗೆ ಕರೆಸಿ ಹೇಳಿದರು: “ಬುಧವಾರ ಹನ್ನೊಂದಕ್ಕೆ ಕ್ಲಾಸಿಗೆ ಬಾ. ಹತ್ತು ನಿಮಿಷದ ಕೆಲಸ. ನಿನ್ನ ಕಾಲು ಬೇಕು.”

“ಕಾಲ್ರೀ?”

“ಮೀನಖಂಡದ ಸ್ನಾಯುವಿಗೆ ಎರಡು ತಲೆ ಉಂಟು, ಒಳಬದಿಗೊಂದು ಉಬ್ಬು, ಹೊರಬದಿಗೊಂದು. ನಿನ್ನಲ್ಲಿ ಕಾಣುವಷ್ಟು ಸ್ಪಷ್ಟ ಪುಸ್ತಕದ ಚಿತ್ರದಲ್ಲಿಯೂ ಇಲ್ಲ. ಚರ್ಮದ ಮೇಲೆ ಗೆರೆ ಎಳೆದು ಮಕ್ಕಳಿಗೆ ತೋರಿಸಬೇಕು.”

“ಬ್ಯಾಡ್ರಿ ಮೇಡಂ.”

“ಎಂತಕ್ಕೆ ಬೇಡ?”

“ಬ್ಯಾಡ ಅಂದ್ರ ಬ್ಯಾಡ್ರಿ.” ಇಷ್ಟು ಹೇಳಿ ಅವಳು ಬಚ್ಚಲಿನ ಬಕೆಟ್ಟುಗಳನ್ನು ಎಣಿಸಲು ಹೋದಳು.

ಸೀತಾಲಕ್ಷ್ಮಿ ತಮ್ಮ ಜೀವಮಾನದಲ್ಲಿ ಎರಡೇ ಕಾಲುಗಳನ್ನು ಹೊಗಳಿದ್ದರು. ಮೊದಲನೆಯದು ಸತ್ತವನದು, ಅವನು ಎದುರು ಮಾತಾಡಿರಲಿಲ್ಲ. ಆ ಬುಧವಾರ ಕಾಲಿನ ಪಾಠಕ್ಕೆ ಹೃತ್ವಿಕ್ ಎಂಬ ವಿದ್ಯಾರ್ಥಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಬೇಕಾಯಿತು. ಅವನ ಕಾಲು ನುಗ್ಗೆಕಾಯಿ. ಎರಡು ತಲೆಯಿರಲಿ, ಒಂದೂ ಕಾಣಲಿಲ್ಲ.

ಅವಳು ಯಾಕೆ ಒಲ್ಲೆ ಎಂದಳೆಂಬುದು ತಿಂಗಳ ಮೇಲೆ ತಿಳಿಯಿತು. ಹೇಳಿದವಳು ದೀಕ್ಷಿತಾ, ಎರಡನೇ ವರ್ಷದ ಹುಡುಗಿ. ನತಾಲಿನಾಳ ಬಾಯಿ ಬಿಡಿಸಬಲ್ಲವಳು ಹಾಸ್ಟೆಲಿನಲ್ಲಿ ಅವಳೊಬ್ಬಳೇ.

ನತಾಲಿನಾಗೆ ಹದಿನಾಲ್ಕಾದಾಗ ಸರ್ಕಾರದ ಕಡೆಯವರು ಜೀಪಿನಲ್ಲಿ ಅವಳ ಹಳ್ಳಿಗೆ ಬಂದರು. ಸಿದ್ದಿಗಳ ಮೈಯಲ್ಲಿ ಆಫ್ರಿಕದ ರಕ್ತವಿದೆ, ತರಬೇತಿ ಕೊಟ್ಟರೆ ದೇಶಕ್ಕೆ ಪದಕ ತಂದಾರು ಎಂಬ ಲೆಕ್ಕ ಅವರದು. ಮಕ್ಕಳನ್ನು ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಟೇಪು ಹಿಡಿದು ಅಳೆದರು. ತೊಡೆ, ಮೊಣಕಾಲು, ಮೀನಖಂಡ, ಹಿಮ್ಮಡಿ. ಒಬ್ಬ ಅಳೆಯುವನು, ಇನ್ನೊಬ್ಬ ಕೂಗಿ ಹೇಳುವನು, ಮತ್ತೊಬ್ಬ ಬರೆದುಕೊಳ್ಳುವನು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವಾಗಲೂ ಜನ ಎತ್ತಿನ ಹೆಸರು ಕೇಳುತ್ತಾರೆ. ಇವರು ಕೇಳಲಿಲ್ಲ.

ಬೆಂಗಳೂರಿನ ಕ್ರೀಡಾ ಹಾಸ್ಟೆಲಿಗೆ ಹೋದಳು. ಸಾವಿರದೈನೂರು ಮೀಟರಿನಲ್ಲಿ ರಾಜ್ಯದ ಪರವಾಗಿ ಓಡಿದಳು. ಅವಳ ಹಳ್ಳಿಯಿಂದ ರೈಲು ಹತ್ತಿ ಪಂದ್ಯಕ್ಕೆ ಹೋದ ಮೊದಲ ಹೆಣ್ಣುಮಗಳು ಅವಳೇ. ಹೊರರಾಜ್ಯಗಳಿಗೆ ಹೋದಾಗಲೆಲ್ಲ ‘ಪರದೇಶದವರನ್ನು ಓಡಿಸುತ್ತಿದ್ದಾರೆ’ ಎಂದು ಯಾರಾದರೊಬ್ಬರು ತಕರಾರು ತೆಗೆಯುವರು. ಒಂದೂರಿನ ಶಿಬಿರದ ಊಟದ ಮನೆಯಲ್ಲಿ ಸಿದ್ದಿ ಹುಡುಗಿಯರ ತಟ್ಟೆಗಳ ತಳಕ್ಕೆ ಗುರುತಿಗೆಂದು ಕೆಂಪು ಚುಕ್ಕೆ ಇಟ್ಟಿದ್ದರು. ನತಾಲಿನಾ ಅಳಲಿಲ್ಲ, ದೂರು ಕೊಡಲಿಲ್ಲ. ಉಗುರಿಗೆ ಹಚ್ಚುವ ಬಣ್ಣದ ಶೀಶೆ ಸಂಪಾದಿಸಿ, ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ, ಅಡುಗೆಮನೆಯ ನೂರಾ ಹತ್ತು ತಟ್ಟೆಗಳಿಗೂ ಕೆಂಪು ಚುಕ್ಕೆ ಇಟ್ಟಳು. ಶಿಕ್ಷೆಗೆ ಹತ್ತು ಸುತ್ತು ಓಡಿಸಿದರು. ಓಡುವುದು ಅವಳಿಗೆ ಶಿಕ್ಷೆಯಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ.

ತೊಂಬತ್ತಮೂರರಲ್ಲಿ ಯೋಜನೆ ನಿಂತಿತು. ಅಳೆದವರು ಮತ್ತೆ ಬರಲಿಲ್ಲ. ಅವಳು ದೈಹಿಕ ಶಿಕ್ಷಣದ ಸರ್ಟಿಫಿಕೇಟು ಮಾಡಿಕೊಂಡು ಹಳಿಯಾಳದ ಶಾಲೆಯೊಂದರಲ್ಲಿ ಸೀಟಿ ಊದುತ್ತಿದ್ದಳು.

ದೀಕ್ಷಿತಾ ಇಷ್ಟನ್ನೂ ಹೇಳಿ ಮುಗಿಸಿದಾಗ ಸೀತಾಲಕ್ಷ್ಮಿ ಕನ್ನಡಕ ಒರೆಸಿಕೊಂಡರು. ಕಣ್ಣು ಒರೆಸಿಕೊಳ್ಳುವ ಪೈಕಿ ಅವರಲ್ಲ.

“ಅದು ಬೇರೆ, ಇದು ಬೇರೆ. ಅವರದ್ದು ವ್ಯಾಪಾರ, ನನ್ನದು ವಿದ್ಯೆ. ಅಷ್ಟು ವ್ಯತ್ಯಾಸ ಗೊತ್ತಾಗದಿದ್ದರೆ ಅದಕ್ಕೆ ಸೊಕ್ಕು ಅಂತಲೇ ಹೇಳುವುದು.”

ತೀರ್ಮಾನಕ್ಕೆ ಪುರಾವೆಗಳು ಆಮೇಲೂ ಸಿಗುತ್ತಲೇ ಇದ್ದವು. ಹಾಸ್ಟೆಲಿನ ಮೂಲೆಯ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸಲ್ಮಾನರ ಚಹದಂಗಡಿಯಲ್ಲಿ, ಮಾಲಿಕ ಅವಳನ್ನು ಕಂಡಾಗಲೆಲ್ಲ ಹಲ್ಲು ಕಿರಿದು “ಆಫ್ರಿಕಾ? ನೈಜೀರಿಯಾ?” ಎನ್ನುವನು. ಅಲ್ಲ ಎಂದು ಒಂದು ಮಾತು ಹೇಳಿದರೆ ಮುಗಿಯಿತು. ಇವಳು ಹೇಳಳು. ಅಚ್ಚ ಕನ್ನಡದಲ್ಲಿ, “ಒಂದು ಚಾ ಕೊಡಪಾ, ಸಕ್ಕರಿ ಕಮ್ಮಿ” ಎಂದು ಬೆಂಚಿನ ಮೇಲೆ ಕೂರುವಳು. ಚಾ ಮತ್ತು ಸಕ್ಕರೆ ಅವನಿಗೆ ತಿಳಿಯುತ್ತಿದ್ದವು. ನೈಜೀರಿಯಾದವಳ ಬಾಯಲ್ಲಿ ಅವು ಹೇಗೆ ಬಂದವೆಂಬುದು ತಿಳಿಯದೆ ಪಾಪ, ದಿನವೂ ತಲೆ ಕೆರೆದುಕೊಳ್ಳುವನು.

“ಹಳಿಯಾಳ ಅಂತ ಹೇಳಿದರೆ ನಿನ್ನ ಗಂಟೇನು ಹೋಗ್ತದೆ ಮಾರಾಯ್ತಿ?” ಎಂದು ಸೀತಾಲಕ್ಷ್ಮಿ ಒಮ್ಮೆ ಕೇಳಿದರು.

“ನಿಮ್ಮನ್ನ ಕೇಳ್ತಾನೇನ್ರಿ ಅಂವಾ, ಯಾವೂರು ಅಂತ?”

“ಇಲ್ಲ.”

“ಮತ್ತ?” ಎಂದಳು. ಅಲ್ಲಿಗೆ ಮಾತು ಮುಗಿಯಿತು.

ತೊಂಬತ್ತೆಂಟು ಬಂತು. ಆ ವರ್ಷ ಕೌಲಾಲಂಪುರದಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ. ಇಡೀ ದೇಶಕ್ಕೆ ಓಟದ ಹುಚ್ಚು ಹಿಡಿದಿತ್ತು. ಮೆಲಾಕಾದಲ್ಲೂ ಸಂಘಗಳ ವಾರ್ಷಿಕ ಕೂಟಕ್ಕೆ ಎಂದಿಲ್ಲದ ಕಳೆ. ಮಲಯರದೊಂದು ಸಂಘ, ಚೀನೀಯರದೊಂದು, ಭಾರತೀಯರದೊಂದು, ಹಳೆಯ ಪೋರ್ಚುಗೀಸರ ವಂಶದವರದೊಂದು. ನಾಲ್ಕಕ್ಕೆ ನಾಲ್ಕು ಬಣ್ಣದ ಬನಿಯನ್ನು. ಕೂಟ ಮುಗಿದ ಮೇಲೆ ಎಲ್ಲರೂ ಒಂದೇ ಚಪ್ಪರದಡಿ ಉಣ್ಣುತ್ತಾರೆ. ಓಡುವಾಗ ಮಾತ್ರ ಅವರವರ ಜನ, ಅವರವರ ಬಣ್ಣ.

ಭಾರತೀಯರ ಸಂಘಕ್ಕೆ ಹೆಂಗಸರ ಸಾವಿರದೈನೂರು ಮೀಟರು ಹನ್ನೊಂದು ವರ್ಷದಿಂದ ಸಿಕ್ಕಿರಲಿಲ್ಲ. ನತಾಲಿನಾಳನ್ನು ಪತ್ತೆ ಹಚ್ಚಿದವರು ಸಂಘದ ಸಮಯಪಾಲಕಿ ರತ್ನಮ್ಮ. ಮೂವತ್ತು ವರ್ಷದಿಂದ ಸಂಘದ ಸ್ಟಾಪ್‌ವಾಚು ಅವರ ಕೊರಳಲ್ಲೇ. ಐವತ್ತಾರರ ಹೆಂಗಸು, ಅಂಚಿನ ಸೀರೆ, ಹಣೆಯಲ್ಲಿ ಕಾಸಗಲ ಕುಂಕುಮ, ಮುಖ ಮಾತ್ರ ಅಪ್ಪಟ ಚೀನೀಯರದು. ಜಪಾನೀಯರ ಕಾಲದಲ್ಲಿ ಹಸಿವಿನಿಂದ ಕಂಗೆಟ್ಟ ಎಷ್ಟೋ ಚೀನೀ ತಾಯಂದಿರು ಹೆಣ್ಣುಕೂಸುಗಳನ್ನು ಭಾರತೀಯರ ಮನೆಗಳಿಗೆ ಕೊಟ್ಟುಬಿಟ್ಟಿದ್ದರು. ಹಾಗೆ ಬಂದ ಕೂಸನ್ನು ಕೋಲಾರದ ಕಡೆಯಿಂದ ಬಂದು ಇಲ್ಲಿ ನೆಲೆಸಿದ್ದ ರೈಲ್ವೆ ಗುಮಾಸ್ತ ಪುಟ್ಟಣ್ಣ ರತ್ನಮ್ಮ ಎಂದು ಹೆಸರಿಟ್ಟು ಸಾಕಿದ. ಊರಿನಲ್ಲಿ ಅದನ್ನು ಯಾರೂ ವಿಶೇಷವೆಂದು ಎಣಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹಾಸ್ಟೆಲಿನ ಬೇಲಿಯಾಚೆ ನಿಂತು ರತ್ನಮ್ಮ ಗಡಿಯಾರ ಒತ್ತಿದರು. ಬೇಲಿ ದಾಟಿ ಬಂದು ಸೀತಾಲಕ್ಷ್ಮಿಯವರ ಮುಂದೆ ಅದನ್ನು ಹಿಡಿದರು.

“ನಾಲ್ಕು ನಿಮಿಷ ಐವತ್ತೆರಡು! ಹುಲ್ಲಿನ ಮೇಲೆ, ಅದೂ ಕ್ಯಾನ್‌ವಾಸ್ ಶೂ ಹಾಕ್ಕೊಂಡು! ಇಂಥಾ ಹುಡುಗೀನ ಬಕೆಟ್ ಎಣಿಸೋಕೆ ಇಟ್ಟಿದ್ದೀರಲ್ಲಾ ಮೇಡಂ, ಪಾಪ ಬರುತ್ತೆ ಲಾ ನಿಮಗೆ.” ಮಾತಿನ ತುದಿಗೆ ‘ಲಾ’ ಎಂದು ಒಗ್ಗರಣೆ ಹಾಕುವುದು ಆ ಊರಿನವರೆಲ್ಲರ ರೂಢಿ.

ಸಂಜೆಯೇ ಸಂಘದ ಕಾರ್ಯದರ್ಶಿ ರಮಾನಂದ ಓಡಿಬಂದ. ಔಷಧಿ ಸರಬರಾಜಿನ ವ್ಯಾಪಾರಿ, ಬೆಂಗಳೂರಿನವನು, ಬಂದು ಇಪ್ಪತ್ತು ವರ್ಷ. ನಗುಮುಖದ ಪುಕ್ಕಲ. ನತಾಲಿನಾಳನ್ನು ಕಂಡೊಡನೆ ನಗು ಅರ್ಧಕ್ಕೆ ನಿಂತಿತು.

“ಓ... ಇವರಾ?” ಎಂದ. ಕುಳಿತ. ಕರ್ಚೀಫಿನಿಂದ ಕತ್ತು ಒರೆಸಿಕೊಂಡ. “ನೋಡಮ್ಮಾ, ತಪ್ಪು ತಿಳ್ಕೋಬೇಡ. ಹೋದ ವರ್ಷ ನಮ್ಮವರು ಗುಂಡು ಎಸೆಯೋಕೆ ಹೊರಗಿನವನೊಬ್ಬನನ್ನ ತಂದು ಸಿಕ್ಕಿಹಾಕ್ಕೊಂಡ್ರು. ಕಪ್ ಹೋಯ್ತು, ಮಾನಾನೂ ಹೋಯ್ತು. ಈ ವರ್ಷ ನಿನ್ನ ನೋಡಿದ ತಕ್ಷಣ ಕೀನ್ಯಾದಿಂದ ತಂದಿದ್ದಾರೆ ಅಂತಾರೆ. ನಂದೊಂದು ಐಡಿಯಾ. ಪೋರ್ಚುಗೀಸರ ಟೀಮಲ್ಲಿ ಓಡಿಬಿಡು! ಹೆಸರು ಅವರದ್ದೇ, ಚರ್ಚು ಅವರದ್ದೇ. ಕಣ್ಣಿಗೊತ್ಕೊಂಡು ತಗೋತಾರೆ. ನಾನೇ ಮಾತಾಡ್ತೀನಿ.”

“ಅವರು ನಮ್ಮ ಅಜ್ಜಂದಿರನ್ನ ಹಡಗಿನಾಗ ಹಾಕ್ಕೊಂಡು ಬಂದವರ ಪೈಕಿ ಅಲ್ಲೇನ್ರಿ?” ಎಂದಳು ನತಾಲಿನಾ. “ಇನ್ನೊಮ್ಮೆ ಅವರ ಕೈಯಾಗ ಕೊಡಾಕ ಹೊಂಟೀರಿ?”

ರಮಾನಂದನಿಗೆ ಇದು ತಮಾಷೆಯೋ ಬೈಗುಳವೋ ತಿಳಿಯಲಿಲ್ಲ. ಎರಡಕ್ಕೂ ಹೊಂದುವಂತೆ ಒಮ್ಮೆ ಕೆಮ್ಮಿದ.

“ಸರಿ ಬಿಡು. ಹಾಗಾದ್ರೆ ಒಂದ್ ಕೆಲಸ. ಅರ್ಜಿ ಜೊತೆ ನಿನ್ನ ಪಾಸ್‌ಪೋರ್ಟಿನ ಕಾಪಿ ಪಿನ್ ಮಾಡ್ತೀವಿ. ಇಂಡಿಯನ್ ಅಂತ ಪ್ರೂಫ್. ಯಾರೂ ಬಾಯಿ ತೆಗೆಯಂಗಿಲ್ಲ.”

“ಎಲ್ಲಾರದೂ ಹಚ್ಚತೀರೇನ್ರಿ?”

“ಎಲ್ಲರದ್ದು ಯಾಕೆ? ಬೇರೆಯವರನ್ನ ನೋಡಿದ್ರೇ ಗೊತ್ತಾಗುತ್ತಲ್ಲಾ...”

“ಹಂಗಾರ ನಂದೂ ಹಚ್ಚಬ್ಯಾಡ್ರಿ.”

“ಹಚ್ಚದಿದ್ರೆ ಓಡೋಕಾಗಲ್ಲಮ್ಮ!”

ನತಾಲಿನಾ ಮೈದಾನದ ಕಡೆ ನೋಡಿದಳು. ಐದು ವರ್ಷದಿಂದ ಅವಳು ಎದೆಗೆ ನಂಬರು ಕಟ್ಟಿ ಓಡಿರಲಿಲ್ಲ. ಸೀಟಿ ಊದುವುದೇ ಬದುಕಾಗಿ ಹೋಗಿತ್ತು. ರತ್ನಮ್ಮ ಗಡಿಯಾರ ತೋರಿಸಿದಾಗ ಅವಳು ಆ ಮುಳ್ಳನ್ನೇ ನೋಡುತ್ತ ನಿಂತದ್ದನ್ನು ಸೀತಾಲಕ್ಷ್ಮಿ ಕಂಡಿದ್ದರು. ಹಸಿದವರು ಅನ್ನ ನೋಡುವ ನೋಟ ಅದು. ಈಗ ಎಡೆ ಬಡಿಸಿದ್ದಾರೆ. ಅದರ ಜೊತೆ ಚುಕ್ಕೆಯಿಟ್ಟ ತಟ್ಟೆ.

“ಓಡೂದು ಬ್ಯಾಡಾತು,” ಎಂದು ಅವಳು ಎದ್ದು ಒಳಗೆ ಹೋದಳು.

“ಎಂಥ ಸೊಕ್ಕು ನೋಡಿ ಇದು!” ಎಂದರು ಸೀತಾಲಕ್ಷ್ಮಿ, ರಮಾನಂದನಿಗಿಂತ ಮೊದಲು.

ಆ ಪಾಸ್‌ಪೋರ್ಟು ಎಲ್ಲಿತ್ತೆಂದರೆ ಸೀತಾಲಕ್ಷ್ಮಿಯವರ ಕಬ್ಬಿಣದ ಕಪಾಟಿನಲ್ಲೇ ಇತ್ತು. ಹಾಸ್ಟೆಲಿನ ನೌಕರರ ಪಾಸ್‌ಪೋರ್ಟುಗಳನ್ನು ವಾರ್ಡನ್ ಇಟ್ಟುಕೊಳ್ಳುವುದು ಮೊದಲ ದಿನದಿಂದ ನಡೆದು ಬಂದ ಪದ್ಧತಿ. ಅಡುಗೆಯವರಿಬ್ಬರದು, ತೋಟ ನೋಡಿಕೊಳ್ಳುವ ಉಮಾನಾಥನದು, ನತಾಲಿನಾಳದು. ನಾಲ್ಕೂ ಒಂದು ರಬ್ಬರ್ ಬ್ಯಾಂಡಿನಲ್ಲಿ.

ಎರಡು ದಿನ ಅವರು ಯೋಚಿಸಿದರು. ಹುಡುಗಿಗೆ ಓಡುವ ಆಸೆಯಿದೆ, ಹಠ ಅಡ್ಡ ಬಂದಿದೆ. ಮಗು ಮದ್ದು ಕುಡಿಯದಿದ್ದರೆ ಮೂಗು ಹಿಡಿದು ಕುಡಿಸುವುದಿಲ್ಲವೇ? ಮೂರನೆಯ ದಿನ ಕಪಾಟು ತೆಗೆದು ಪಾಸ್‌ಪೋರ್ಟಿನ ಪುಟ ತಾವೇ ಝೆರಾಕ್ಸ್ ಮಾಡಿ, ನಾಲ್ಕು ಮಡಿಕೆ ಮಾಡಿ ಕೈಚೀಲಕ್ಕೆ ಹಾಕಿಕೊಂಡರು. ಭಾನುವಾರ ಬೆಳಿಗ್ಗೆ ಸಂಘದ ಸಮಿತಿಯ ಸಭೆ. ವೈದ್ಯರ ಪರವಾಗಿ ಅವರೂ ಸಮಿತಿಯಲ್ಲಿದ್ದರು. ಕಾಗದ ಮೇಜಿನ ಮೇಲಿಟ್ಟರೆ ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಅವಳಿಗೆ ತಿಳಿಯಬೇಕಾಗಿಯೂ ಇಲ್ಲ.

ಸಭೆಯಲ್ಲಿ ಇಡ್ಲಿ ಖಾಲಿಯಾಗುವವರೆಗೆ ಚಪ್ಪರದ ಮಾತಾಯಿತು. ಆಮೇಲೆ ರಮಾನಂದ ಪಟ್ಟಿ ಓದಿದ. ಹೆಂಗಸರ ಸಾವಿರದೈನೂರರ ಎದುರು ಖಾಲಿ ಬಿಟ್ಟಿದ್ದ.

“ನತಾಲಿನಾ ಎಲ್ಲಿ?” ಎಂದರು ರತ್ನಮ್ಮ.

“ರತ್ನಮ್ಮಾ, ನನಗೆ ಪರ್ಸನಲ್ ಆಗಿ ನೋ ಪ್ರಾಬ್ಲಂ. ಆದ್ರೆ ಪ್ರೂಫ್ ಕೊಡಲ್ಲ ಅಂತಾಳೆ. ಪ್ರೂಫ್ ಇಲ್ದೆ ಆ ಮುಖಾನ ಹೇಗೆ ಇಂಡಿಯನ್ ಅಂತ ತೋರಿಸೋದು? ನೀವೇ ಹೇಳಿ.”

ಸೀತಾಲಕ್ಷ್ಮಿ ಕೈಚೀಲದ ಗುಂಡಿ ತೆಗೆದರು. ಕಾಗದದ ಅಂಚು ಬೆರಳಿಗೆ ಸಿಕ್ಕಿತು.

ರತ್ನಮ್ಮ ಎದ್ದು ನಿಂತರು. ಸಭೆಯಲ್ಲಿ ಎದ್ದು ಮಾತಾಡುವ ರೂಢಿ ಅವರಿಗಿರಲಿಲ್ಲ. ಎಲ್ಲರೂ ತಲೆಯೆತ್ತಿದರು.

“ರಮಾನಂದಪ್ಪಾ, ಇಲ್ಲಿ ನೋಡು. ನನ್ನ ಮುಖ ಯಾವ ಸಂಘದ್ದು?”

“ಅಯ್ಯೋ, ನಿಮ್ಮದು ಬೇರೆ ರತ್ನಮ್ಮ...”

“ಏನ್ ಬೇರೆ? ಅರವತ್ತನೇ ಇಸವೀಲಿ ನಾನು ಈ ಸಂಘಕ್ಕೆ ನೂರು ಗಜ ಓಡ್ದೆ. ಹದಿನೆಂಟು ವರ್ಷ ನನಗೆ. ಆವಾಗ್ಲೂ ಹೀಗೇ ಕೂತಿದ್ರು, ನಿಮ್ಮಂಗೇ ದೊಡ್ಡವರು. ಚೀನಾದ ಹುಡುಗಿ, ನಮ್ಮವಳು ಅಂತ ಪ್ರೂಫ್ ಏನು ಅಂದ್ರು. ನಮ್ಮಪ್ಪ ಒಂದು ಕಾಗದದಲ್ಲಿ ‘ಈಕೆ ನನ್ನ ಮಗಳು’ ಅಂತ ಬರೆದು ರುಜು ಹಾಕ್ದ. ರೈಲ್ವೆಯವನು ನೋಡು, ಸೀಲೂ ಒತ್ತಿದ. ಕಳ್ಕೋಬೇಡ, ಯಾರು ಕೇಳಿದ್ರೂ ತೋರ್ಸು ಅಂತ ಸಂಘದವರು ಆ ಕಾಗದಾನ ಬನಿಯನ್ ಒಳಗಡೆ ಗುಂಡುಸೂಜಿ ಹಾಕಿ ಚುಚ್ಚಿದ್ರು. ಅದನ್ನ ಹೊತ್ಕೊಂಡೇ ಓಡ್ದೆ. ಐವತ್ತು ಗಜಕ್ಕೆ ಸೂಜಿ ಬಿಚ್ಕೊಂಡು ಎದೆಗೆ ಚುಚ್ತು. ಮೂರನೇದಾಗಿ ಬಂದೆ. ಮೊದಲನೇದಾಗಿ ಬರಬೇಕಿತ್ತು.”

ಈ ಕಥೆಯನ್ನು ರತ್ನಮ್ಮ ಮೂವತ್ತೆಂಟು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ.

“ಅಪ್ಪ ಪಾಪ ಪ್ರೀತಿಯಿಂದಾನೇ ಬರ್ದ,” ಎಂದರು. “ಆದ್ರೆ ನನ್ನ ಜೊತೆ ಓಡಿದ ಯಾವ ಹುಡುಗಿ ಅಪ್ಪಾನೂ ಹಾಗೆ ಬರೀಲಿಲ್ಲ ಲಾ. ಆ ಹುಡುಗಿ ಪಿನ್ ಬೇಡ ಅಂದಿದ್ದು ಸರೀನೇ. ಅವಳದ್ದು ಹಚ್ಚೋದಾದ್ರೆ ಎಲ್ಲರದ್ದೂ ಹಚ್ಚಿ, ನನ್ನದೂ ಹಚ್ಚಿ. ಇಲ್ಲಾಂದ್ರೆ ತಗೊಳ್ಳಿ ನಿಮ್ಮ ಗಡಿಯಾರ.” ಕೊರಳಿನಿಂದ ಸ್ಟಾಪ್‌ವಾಚು ತೆಗೆದು ಇಡ್ಲಿ ತಟ್ಟೆಯ ಪಕ್ಕ ಇಟ್ಟರು.

ಸೀತಾಲಕ್ಷ್ಮಿ ಕೈಚೀಲದ ಗುಂಡಿ ಹಾಕಿದರು. ಟಕ್ ಎಂದದ್ದು ತಮಗೊಬ್ಬರಿಗೇ ಕೇಳಿತೆಂದು ಅವರು ಭಾವಿಸಿದರು. ಆಮೇಲೆ ಕೈಯೆತ್ತಿದರು. ಮೊದಲ ಕೈ ಅವರದು. ಒಂದೊಂದಾಗಿ ಉಳಿದ ಕೈಗಳೂ ಎದ್ದವು. ಕೊನೆಗೆ ರಮಾನಂದನದೂ ಎದ್ದಿತು.

“ಸರಿ ಲಾ, ಸರಿ. ತಕರಾರು ಬಂದ್ರೆ ನೀವೇ ನೋಡ್ಕೊಳ್ಳಿ ರತ್ನಮ್ಮಾ. ಗಡಿಯಾರ ಮೊದಲು ಹಾಕ್ಕೊಳ್ಳಿ, ಸಾಂಬಾರ್ ಬೀಳುತ್ತೆ ಅದರ ಮೇಲೆ.”

ಅದೇ ಸಂಜೆ ಸೀತಾಲಕ್ಷ್ಮಿ ನತಾಲಿನಾಳನ್ನು ಕೋಣೆಗೆ ಕರೆಸಿದರು. ಝೆರಾಕ್ಸ್ ಹಾಳೆಯನ್ನು ಬಿಡಿಸಿ ಮೇಜಿನ ಮೇಲಿಟ್ಟರು.

“ನಿನ್ನನ್ನು ಕೇಳದೆ ಮಾಡಿಸಿದ್ದು. ಸಭೆಗೆ ತೆಗೆದುಕೊಂಡು ಹೋಗಿದ್ದೆ. ತೋರಿಸಲಿಲ್ಲ. ಅದು ನನ್ನ ದೊಡ್ಡತನ ಅಲ್ಲ, ರತ್ನಮ್ಮ ಮೊದಲು ಮಾತಾಡಿದ್ದರಿಂದ. ಗೊತ್ತಿರಲಿ ಅಂತ ಹೇಳಿದೆ. ನೀನು ಓಡುತ್ತಿ.”

ನತಾಲಿನಾ ಹಾಳೆಯನ್ನು ನೋಡಿದಳು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಸೀತಾಲಕ್ಷ್ಮಿಯವರಿಗೆ ಹಗುರವಾಗುತ್ತಿತ್ತು.

“ನಂದು ಪಾಸ್‌ಪೋರ್ಟ್ ನಿಮ್ಮ ಕಪಾಟಿನಾಗ ಯಾಕ ಐತ್ರಿ ಮೇಡಂ?”

“ಎಲ್ಲರದ್ದೂ ಉಂಟು. ಅದು ಪದ್ಧತಿ.”

“ಎಲ್ಲಾರದೂ?”

ಡಾಕ್ಟರುಗಳ ಪಾಸ್‌ಪೋರ್ಟು ಡಾಕ್ಟರುಗಳ ಮನೆಯಲ್ಲಿತ್ತು. ಸೀತಾಲಕ್ಷ್ಮಿಯವರ ಸ್ವಂತದ್ದು ಅವರ ಸೀರೆಗಳ ಕೆಳಗಿತ್ತು. ಎದ್ದು ಕಪಾಟು ತೆಗೆದರು. ರಬ್ಬರ್ ಬ್ಯಾಂಡು ಬಿಚ್ಚಿ ನಾಲ್ಕನ್ನೂ ಅವಳ ಕೈಯಲ್ಲಿಟ್ಟು, “ಅವರವರದು ಅವರವರಿಗೆ ಕೊಡು. ರಬ್ಬರ್ ಬ್ಯಾಂಡ್ ವಾಪಸು ತಾ, ಅದು ಕಾಲೇಜಿನದ್ದು” ಎಂದರು.

ಅವಳು ಹೋದಳು. ಥ್ಯಾಂಕ್ಸ್ ಎನ್ನಲಿಲ್ಲ. ರಬ್ಬರ್ ಬ್ಯಾಂಡ್ ಮಾತ್ರ ಐದು ನಿಮಿಷದಲ್ಲಿ ವಾಪಸು ಬಂತು.

ಕೂಟದ ದಿನ ಬಿಸಿಲು ತಲೆ ಸೀಳುವಂತಿತ್ತು. ಹೆಂಗಸರ ಸಾವಿರದೈನೂರಕ್ಕೆ ಹತ್ತು ಮಂದಿ. ಭಾರತೀಯರ ಸಂಘದ ಹಳದಿ ಬನಿಯನ್ನಿನ ಮೇಲೆ ಮೂವತ್ತೊಂದನೇ ನಂಬರು ಕಟ್ಟಿಕೊಂಡು ನತಾಲಿನಾ ಗೆರೆಗೆ ಬಂದೊಡನೆ ಚೀನೀಯರ ಸಂಘದ ಮೇಲ್ವಿಚಾರಕರು ಹಲಗೆ, ಕಾಗದ ಹಿಡಿದು ಎದ್ದು ಬಂದರು. ಬಿಳಿ ಟೊಪ್ಪಿಗೆಯ ಮುದುಕರು, ರತ್ನಮ್ಮನಿಗೆ ಮೂವತ್ತು ವರ್ಷದ ಪರಿಚಯ.

“ಇವಳು ಭಾರತೀಯಳೇ?” ಎಂದು ಮಲಯ ಭಾಷೆಯಲ್ಲಿ ಕೇಳಿದರು.

“ನಾನು ಭಾರತೀಯಳೇ?” ಎಂದು ರತ್ನಮ್ಮ ಅದೇ ಭಾಷೆಯಲ್ಲಿ ಕೇಳಿದರು.

ಮುದುಕರು ರತ್ನಮ್ಮನ ಕುಂಕುಮ ನೋಡಿದರು, ಅದರ ಕೆಳಗೆ ತಮ್ಮ ಅಕ್ಕತಂಗಿಯರದಂಥದೇ ಮುಖ ನೋಡಿದರು. “ನಿಮ್ಮದು ಬೇರೆ ಲಾ,” ಎಂದರು.

“ಸಾಮಾ,” ಎಂದರು ರತ್ನಮ್ಮ. ಎರಡೂ ಒಂದೇ.

ಮುದುಕರು ಇನ್ನೊಮ್ಮೆ ಇಬ್ಬರನ್ನೂ ನೋಡಿ, ಗಟ್ಟಿಯಾಗಿ ನಕ್ಕು, ಹಲಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನೆರಳಿಗೆ ವಾಪಸಾದರು.

ಪಿಸ್ತೂಲು ಹಾರಿತು. ಮೊದಲ ಸುತ್ತು ನತಾಲಿನಾ ಗುಂಪಿನ ನಡುವೆ ಇದ್ದಳು. ಎಡಬಲ ನೋಡದೆ, ಕುತ್ತಿಗೆ ಅಲುಗಿಸದೆ, ಸಂತೆಗೆ ಹೊರಟವರ ಹಾಗೆ ನಿಶ್ಚಿಂತೆಯಿಂದ ಓಡಿದಳು. ಮಲಯರ ಸಂಘದ ಎತ್ತರದ ಹುಡುಗಿಯೊಬ್ಬಳು ಮುಂದೆ ಎಳೆದಳು. ಎರಡನೆಯ ಸುತ್ತಿನ ತಿರುವಿನಲ್ಲಿ ನತಾಲಿನಾ ಹೊರಗಿನಿಂದ ಬಂದು, ಯಾರ ಮೈಯನ್ನೂ ಸೋಕದೆ, ಒಬ್ಬೊಬ್ಬರನ್ನೇ ದಾಟಿದಳು. ಗ್ಯಾಲರಿಯಲ್ಲಿ ಜನ ಎದ್ದು “ಕೀನ್ಯಾ! ಕೀನ್ಯಾ!” ಎಂದು ಕೂಗಿದರು. ಕೂಗಿದ್ದು ಮೆಚ್ಚುಗೆಯಿಂದಲೇ. ಮೂಲೆಯಲ್ಲಿ ಕುಳಿತ ಹಾಸ್ಟೆಲಿನ ಹುಡುಗಿಯರಿಗೆ ಅದನ್ನು ಸಹಿಸಲಾಗಲಿಲ್ಲ. ದೀಕ್ಷಿತಾ ಬೆಂಚು ಹತ್ತಿ ನಿಂತು ಗಂಟಲು ಹರಿಯುವಂತೆ “ಹಳಿಯಾಳ!” ಎಂದಳು. ಮಂಗಳೂರು, ದಾವಣಗೆರೆ, ಬೆಂಗಳೂರಿನ ಮೂವತ್ತು ಹುಡುಗಿಯರು, ಹಳಿಯಾಳ ನಕ್ಷೆಯಲ್ಲಿ ಎಲ್ಲಿದೆಯೆಂದು ಸರಿಯಾಗಿ ಅರಿಯದವರು, “ಹಳಿಯಾಳ! ಹಳಿಯಾಳ!” ಎಂದು ಬೆಂಚು ಕುಟ್ಟಿದರು. ಪಕ್ಕದ ಮಲಯ ಕುಟುಂಬವೊಂದು, ಇದು ಭಾರತದ ಯಾವುದೋ ಜಯಕಾರವಿರಬೇಕೆಂದು ತಿಳಿದು, ತಾನೂ ಸೇರಿಕೊಂಡಿತು.

ಕೊನೆಯ ಸುತ್ತಿನಲ್ಲಿ ಅವಳ ಹಿಂದೆ ಅರವತ್ತು ಮೀಟರು ಖಾಲಿ ಇತ್ತು. ಸೀತಾಲಕ್ಷ್ಮಿ ಗೆರೆಯ ಹತ್ತಿರವೇ ಕುಳಿತಿದ್ದರು. ಹಿಮ್ಮಡಿ ನೆಲದಿಂದ ಏಳುವಾಗ ಮೀನಖಂಡದ ಎರಡು ತಲೆಗಳೂ ಬೇರೆಬೇರೆಯಾಗಿ ಬಿಗಿದು ಮೂಡುವುದನ್ನು ಕಂಡರು. ಎಷ್ಟು ಚೆಂದ ಎಂದು ಮನಸ್ಸು ಹೇಳಿತು. ಅಷ್ಟರಲ್ಲೇ, ತಾವು ನೋಡುತ್ತಿರುವುದು ಕಾಲನ್ನು ಮಾತ್ರ ಎಂಬುದು ಹೊಳೆದು ಕತ್ತೆತ್ತಿ ಮುಖ ನೋಡಿದರು. ಮುಖ ನಗುತ್ತಿತ್ತು. ಅವಳು ನಕ್ಕದ್ದನ್ನು ಅವರು ಕಂಡದ್ದು ಅದೇ ಮೊದಲು. ಗೆರೆ ದಾಟುತ್ತಿದ್ದಂತೆ ನಗು ಮಾಯವಾಯಿತು.

“ನಾಲ್ಕು ನಲವತ್ತೊಂದು!” ಎಂದು ರತ್ನಮ್ಮ ಗಡಿಯಾರವನ್ನು ಎತ್ತಿ ಹಿಡಿದು ಕೂಗಿದರು. “ಏಯ್ ರಮಾನಂದಾ, ಬರ್ಕೋ ಲಾ! ಬಾಯಿ ತೆರ್ಕೊಂಡು ನಿಂತಿದ್ದಾನೆ ನೋಡು!”

ಕಪ್ಪನ್ನು ನತಾಲಿನಾ ಒಂದು ಕಿವಿ ಹಿಡಿದು ಬಕೆಟ್ಟಿನಂತೆ ತೂಗಾಡಿಸುತ್ತ ತಂದಳು. ಫೋಟೋದವನು ಎದೆಗೆ ಅವಚಿಕೊಳ್ಳಿ ಎಂದ. ಅವಳು ಅದನ್ನು ರತ್ನಮ್ಮನ ಕೈಗೆ ಕೊಟ್ಟು ನೀರು ಕುಡಿಯಲು ಹೋದಳು. “ಸೊಕ್ಕು ಹೋಗಲಿಲ್ಲ,” ಎಂದರು ಸೀತಾಲಕ್ಷ್ಮಿ. ಗೆದ್ದ ಮೇಲೆ ಇಳಿಯುವ ವಸ್ತುವೂ ಅದಲ್ಲವಲ್ಲ. ಅವರ ತೀರ್ಮಾನಕ್ಕೆ ಯಾವ ಧಕ್ಕೆಯೂ ಬಂದಿರಲಿಲ್ಲ.

ಬುಧವಾರ ಹನ್ನೊಂದು ಗಂಟೆ. ಹೊಸ ತಂಡಕ್ಕೆ ಕಾಲಿನ ಪಾಠ. ಅರವತ್ತು ವಿದ್ಯಾರ್ಥಿಗಳು ಬಿಳಿ ಕೋಟಿನಲ್ಲಿ ಅರ್ಧಚಂದ್ರಾಕಾರ ನಿಂತಿದ್ದರು. ನಡುವೆ ಮರದ ಸ್ಟೂಲು. ಹಿಂದಿನ ತಂಡದ ಹೃತ್ವಿಕ್ ಈ ಸಲವೂ ಸಂಕೋಚದಿಂದ ಪ್ಯಾಂಟು ಮಡಚತೊಡಗಿದ್ದ.

ಬಾಗಿಲಲ್ಲಿ ಚಪ್ಪಲಿ ಕಳಚಿದ ಸದ್ದಾಯಿತು. ನತಾಲಿನಾ ಒಳಗೆ ಬಂದಳು. ಹೃತ್ವಿಕ್‌ನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಪೈಜಾಮವನ್ನು ಮೊಣಕಾಲಿನ ತನಕ ಏರಿಸಿ, ಸ್ಟೂಲು ಹತ್ತಿ ನಿಂತಳು. ತುದಿಗಾಲಿನ ಮೇಲೆ ಎದ್ದಳು. ಅರವತ್ತು ಬಾಯಿಗಳಿಂದ ಒಟ್ಟಿಗೆ ಉಸಿರು ಹೊರಟಿತು.

ಸೀತಾಲಕ್ಷ್ಮಿ ಚರ್ಮದ ಮೇಲೆ ಗೆರೆ ಎಳೆಯುವ ಬಿಳಿ ಪೆನ್ಸಿಲು ತೆಗೆದುಕೊಂಡು ಬಗ್ಗಿದರು.

ನತಾಲಿನಾ ಮೇಲಿನಿಂದ ಕೈ ಚಾಚಿದಳು.

“ಪೆನ್ಸಿಲ್ ನನ್ನ ಕೈಯಾಗ ಕೊಡ್ರಿ ಮೇಡಂ. ನೀವು ಹೆಸರು ಹೇಳ್ರಿ. ಗೆರಿ ನಾ ಎಳೀತೀನಿ.”

ಸೀತಾಲಕ್ಷ್ಮಿ ಪೆನ್ಸಿಲು ಕೊಟ್ಟರು. ಎರಡು ಹೆಜ್ಜೆ ಹಿಂದೆ ಸರಿದು, ವಿದ್ಯಾರ್ಥಿಗಳ ಸಾಲಿನಲ್ಲಿ ನಿಂತು, ಮೊದಲ ಹೆಸರು ಹೇಳಿದರು.